ಕುಡಿಯದವನಿಗೆ ಯಾಕೆ ಲಿವರ್ ಪರೀಕ್ಷೆ?

ಪ್ರಶ್ನೆ: ಡಾಕ್ಟರೇ, ನನಗೆ 61 ವರ್ಷ. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ಬಿ.ಪಿ. ಮಾತ್ರೆಗೆಂದು ನಮ್ಮೂರಿನ ಆಸ್ಪತ್ರೆಗೆ ಹೋಗಿದ್ದೆ. ಹೊಸದಾಗಿ ಬಂದಿರುವ ಡಾಕ್ಟರಮ್ಮ, "ಹೆಪಟೈಟಿಸ್ ಬಿ, ಸಿ ಎರಡನ್ನೂ ಒಂದು ಸಲ ನೋಡಿಬಿಡೋಣವಾ?" ಎಂದರು. ನಾನು ಹೆಂಡ ಮುಟ್ಟಿದವನಲ್ಲ. ಕಾಮಾಲೆಯೂ ಬಂದಿಲ್ಲ. ಪಕ್ಕದಲ್ಲಿ ನನ್ನ ಹೆಂಡತಿ ಬೇರೆ ಕೂತಿದ್ದಳು. ಬೇಡ ಎಂದು ಎದ್ದು ಬಂದೆ. ನನ್ನಲ್ಲಿ ಏನು ಕಂಡು ಅವರು ಹಾಗೆ ಕೇಳಿದರು?
– ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ: ಮೇಷ್ಟ್ರೇ, ಅವರು ನಿಮ್ಮಲ್ಲಿ ಏನೂ ಕಂಡಿಲ್ಲ. ನಿಮ್ಮ ಹಿಂದೆ ಚೀಟಿ ಹಿಡಿದು ನಿಂತವರನ್ನೂ ಅದನ್ನೇ ಕೇಳಿರುತ್ತಾರೆ. ಬೇಡ ಅನ್ನುವ ಹಕ್ಕು ನಿಮಗಿದೆ. ಆದರೆ ನೀವು ಕೊಡುತ್ತಿರುವ ಕಾರಣ ಸರಿಯಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಲಿವರ್ ಅಂದ ತಕ್ಷಣ ನಮ್ಮ ಜನಕ್ಕೆ ನೆನಪಾಗುವುದು ಸಾರಾಯಿ. ಹೆಪಟೈಟಿಸ್ ಅಂದರೆ ಲಿವರ್ ಊತ. ಅದನ್ನು ತರುವ ಬಿ ಮತ್ತು ಸಿ ವೈರಸ್‌ಗಳಿಗೆ ನೀವು ಕುಡಿಯುತ್ತೀರೋ ಇಲ್ಲವೋ ಅನ್ನುವುದು ಮುಖ್ಯವಲ್ಲ. ಅವು ಹರಡುವುದು ಮುಖ್ಯವಾಗಿ ರಕ್ತದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ, ಮತ್ತು ಲೈಂಗಿಕ ಸಂಪರ್ಕದಿಂದ. ಒಳಗೆ ಸೇರಿದ ಮೇಲೆ ಇಪ್ಪತ್ತು, ಮೂವತ್ತು ವರ್ಷ ಸುಮ್ಮನಿರಬಹುದು. ಹಸಿವು ಚೆನ್ನಾಗಿರುತ್ತದೆ, ಕಣ್ಣು ಹಳದಿಯಾಗುವುದಿಲ್ಲ. ಎಷ್ಟೋ ಸಲ ಎಲ್‌ಎಫ್‌ಟಿ, ಅಂದರೆ ಲಿವರ್ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವ ರಕ್ತ ಪರೀಕ್ಷೆಯ ರಿಪೋರ್ಟ್ ಕೂಡ ನಾರ್ಮಲ್ ಬರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿಯೋ ರಕ್ತ ವಾಂತಿಯಾಗಿಯೋ ಜಿಲ್ಲಾಸ್ಪತ್ರೆಗೆ ಬಂದಾಗಲೇ ಕೆಲವರಿಗೆ ಗೊತ್ತಾಗುವುದು. ಅಷ್ಟರಲ್ಲಿ ಲಿವರ್ ಗಂಟು ಕಟ್ಟಿ ಗಟ್ಟಿಯಾಗಿರುತ್ತದೆ.

ಹಾಗಾದರೆ ಅಪಾಯ ಇರುವವರನ್ನು ಮಾತ್ರ ಕೇಳಿದರೆ ಸಾಲದೇ? ಮೊದಲು ಎಲ್ಲ ಕಡೆ ಹಾಗೇ ಮಾಡುತ್ತಿದ್ದರು. ಸೂಜಿಯಲ್ಲಿ ಮಾದಕ ವಸ್ತು ತಗೊಂಡಿದ್ದೀರಾ? ಬೇರೆ ಸಂಬಂಧ ಇದೆಯಾ? ಜೈಲಿನಲ್ಲಿದ್ದಿರಾ? ಹೆಂಡತಿ ಪಕ್ಕದಲ್ಲಿ ಕೂತಿರುವಾಗ ಯಾವ ಮೇಷ್ಟ್ರು ತಾನೇ ಇದಕ್ಕೆ ಹೂಂ ಅಂತಾರೆ? ಕೇಳುವ ಡಾಕ್ಟರಿಗೂ ಮುಜುಗರ. ಕೊನೆಗೆ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಮುಚ್ಚಿಡುವುದು ಹಾಗಿರಲಿ, ಎಷ್ಟೋ ವಿಷಯ ನಮಗೇ ನೆನಪಿರುವುದಿಲ್ಲ. ನೀವು ಹುಡುಗರಾಗಿದ್ದ ಕಾಲದ ಗಾಜಿನ ಸಿರಿಂಜ್ ಜ್ಞಾಪಕ ಇದೆಯಾ? ಸೀಮೆಎಣ್ಣೆ ಸ್ಟೌವ್ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಕುದಿಯುತ್ತಿತ್ತಲ್ಲ, ಅದೇ. ಕ್ಯೂ ಉದ್ದವಾದ ದಿನ ಸರಿಯಾಗಿ ಕುದಿಸಲು ಪುರುಸೊತ್ತು ಎಲ್ಲಿತ್ತು? ಜ್ವರಕ್ಕೆ ಮಾತ್ರೆ ಕೊಟ್ಟರೆ "ಒಂದು ಸೂಜಿ ಹಾಕಿ ಸಾರ್" ಅನ್ನುವವರನ್ನು ನಾನು ಈಗಲೂ ದಿನಾ ನೋಡುತ್ತೇನೆ. ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆ, ಒಂದೇ ಕತ್ತಿಯಲ್ಲಿ ಹತ್ತು ಜನರ ಗಡ್ಡ, ಹೆರಿಗೆಯಲ್ಲಿ ಕೊಟ್ಟ ರಕ್ತ, ಇವನ್ನೆಲ್ಲ ಯಾರು ಲೆಕ್ಕ ಇಟ್ಟಿರುತ್ತಾರೆ? ದಾನದ ರಕ್ತದಲ್ಲಿ ಸಿ ವೈರಸ್ ಇದೆಯೇ ಎಂದು ನೋಡುವುದು ನಮ್ಮ ದೇಶದಲ್ಲಿ ಕಡ್ಡಾಯವಾಗಿ ಜಾರಿಗೆ ಬಂದಿದ್ದೇ 2001ರ ಆಸುಪಾಸಿನಲ್ಲಿ.

ಅಮೆರಿಕದವರೂ ಇದೇ ದಾರಿಯಲ್ಲಿ ಬಂದರು. ಹೆಪಟೈಟಿಸ್ ಸಿಗೆ ಮೊದಲು ಅಪಾಯದ ಪಟ್ಟಿ ಇತ್ತು. 2012ರಲ್ಲಿ, 1945ರಿಂದ 1965ರ ನಡುವೆ ಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. 2020ರಲ್ಲಿ, 18 ದಾಟಿದ ಎಲ್ಲರೂ ಜೀವನದಲ್ಲಿ ಒಮ್ಮೆಯಾದರೂ ಎಂದರು. 2023ರಲ್ಲಿ ಬಿಗೂ ಅದೇ ಮಾತು ಹೇಳಿದರು.

ನಮ್ಮಲ್ಲಿ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 2018ರ ಜುಲೈ 28ರಂದು. ಅದರಡಿ ಪರೀಕ್ಷೆಯೂ ಔಷಧಿಯೂ ಉಚಿತ. ಒತ್ತು ಮಾತ್ರ ಗರ್ಭಿಣಿಯರು, ಡಯಾಲಿಸಿಸ್ ಆಗುತ್ತಿರುವವರು, ಆಸ್ಪತ್ರೆ ಸಿಬ್ಬಂದಿ ಇಂಥವರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಸುಮಾರು 3 ಕೋಟಿ ಜನರಲ್ಲಿ ಬಿ, 55 ಲಕ್ಷ ಜನರಲ್ಲಿ ಸಿ ಇದೆ. ಇಷ್ಟು ಜನ ಒಂದು ಪಟ್ಟಿಯೊಳಗೆ ಸಿಗುವುದಿಲ್ಲ. ಅವರು ಸಿಗುವುದು ಬಿ.ಪಿ. ಮಾತ್ರೆಯ ಕ್ಯೂನಲ್ಲಿ. ಎಲ್ಲರನ್ನೂ ಕೇಳಿದರೆ ಯಾರ ಕಡೆಗೂ ಬೆರಳು ತೋರಿಸಿದಂತಾಗುವುದಿಲ್ಲ, ಅಲ್ವಾ?

ಪರೀಕ್ಷೆ ಸುಲಭ. ಬಿಗೆ ಎಚ್‌ಬಿಎಸ್‌ಎಜಿ, ಸಿಗೆ ಆಂಟಿ-ಎಚ್‌ಸಿವಿ. ಬೆರಳು ಚುಚ್ಚಿ ತೆಗೆದ ಹನಿ ರಕ್ತ ಸಾಕು. ಕಿಟ್ ಇದ್ದರೆ ಅರ್ಧ ಗಂಟೆಯೊಳಗೆ ಉತ್ತರ. ಸಾಧ್ಯವಾದರೆ ಆಂಟಿ-ಎಚ್‌ಬಿಸಿಯನ್ನೂ ಮಾಡಿಸಿ. ಬಿ ಎಂದಾದರೂ ಬಂದು ಹೋಗಿತ್ತೇ ಎಂದು ಅದು ಹೇಳುತ್ತದೆ. ಮುಂದೆ ಕೀಮೋ ಅಥವಾ ಜೋರಾದ ಸ್ಟಿರಾಯ್ಡ್ ಕೊಡುವಾಗ ಮಲಗಿದ್ದ ವೈರಸ್ ಎದ್ದು ಕೂರುವುದುಂಟು. ಆಗ ಡಾಕ್ಟರಿಗೆ ಈ ರಿಪೋರ್ಟ್ ಬೇಕೇ ಬೇಕು.

ಆಂಟಿ-ಎಚ್‌ಸಿವಿ ಪಾಸಿಟಿವ್ ಬಂದರೆ ಗಾಬರಿ ಬೇಡ. ಸಿ ಬಂದವರಲ್ಲಿ ಕೆಲವರ ಮೈಯಿಂದ ವೈರಸ್ ತಾನಾಗಿಯೇ ಹೋಗಿರುತ್ತದೆ, ಆದರೂ ಆ ಪರೀಕ್ಷೆ ಪಾಸಿಟಿವ್ ಎಂದೇ ತೋರಿಸುತ್ತದೆ. ವೈರಸ್ ಈಗಲೂ ಇದೆಯೇ ಎಂದು ತಿಳಿಯಲು ಆರ್‌ಎನ್‌ಎ ಪರೀಕ್ಷೆ ಆಗಬೇಕು. ಇದ್ದರೆ ಸಾಮಾನ್ಯವಾಗಿ ಹನ್ನೆರಡು ವಾರ ಮಾತ್ರೆ. ನೂರರಲ್ಲಿ ತೊಂಬತ್ತೈದಕ್ಕೂ ಜಾಸ್ತಿ ಜನಕ್ಕೆ ಪೂರ್ತಿ ವಾಸಿಯಾಗುತ್ತದೆ. ನಿಮ್ಮ ಬಿ.ಪಿ. ಬಗ್ಗೆ ನಾನು ಅಷ್ಟು ಧೈರ್ಯವಾಗಿ ಹೇಳಲಾರೆ.

ಒಂದು ಮಾತು ಡಾಕ್ಟರುಗಳಿಗೂ ಸೇರಿಸುತ್ತೇನೆ. ಆಪರೇಷನ್‌ಗೆ ಮುಂಚೆ ರೋಗಿಗೆ ಹೇಳದೆ ಕೇಳದೆ ಇದೇ ಪರೀಕ್ಷೆ ಮಾಡಿ, ಫೈಲ್ ಮೇಲೆ ಕೆಂಪಕ್ಷರದಲ್ಲಿ ಬರೆದು, ವಾರ್ಡಿಗೆಲ್ಲ ಕೇಳುವಂತೆ ಕೂಗುವುದನ್ನು ನಾನು ನೋಡಿದ್ದೇನೆ. ಅದಕ್ಕೂ ನಿಮ್ಮ ಡಾಕ್ಟರಮ್ಮ ಕೇಳಿದ ರೀತಿಗೂ ಅಜಗಜಾಂತರ. ಮುಂದಿನ ಸಲ ಮಾತ್ರೆಗೆ ಹೋದಾಗ ಇಬ್ಬರೂ ಮಾಡಿಸಿಕೊಳ್ಳಿ.

ಪ್ರಶ್ನೆ: ಹೆಪಟೈಟಿಸ್ ಎ, ಇ ಕೂಡ ಇವೆಯಂತೆ. ಅವಕ್ಕೂ ಹೀಗೆ ಪರೀಕ್ಷೆ ಬೇಕೇ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಅವು ಕೊಳಕು ನೀರು, ಆಹಾರದಿಂದ ಬರುತ್ತವೆ. ಸಾಮಾನ್ಯವಾಗಿ ಕೆಲವು ವಾರ ಕಾಡಿಸಿ ಹೋಗುತ್ತವೆ. ಗರ್ಭಿಣಿಗೆ ಕಾಮಾಲೆ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ. ಇ ಅವರಿಗೆ ಜೀವಕ್ಕೇ ಅಪಾಯ ತರಬಹುದು.

ಪ್ರಶ್ನೆ: ಸರ್, ನನ್ನ ತಮ್ಮನಿಗೆ 26 ವರ್ಷ. ಗಲ್ಫ್ ಕೆಲಸದ ಮೆಡಿಕಲ್‌ನಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದು ಅನ್‌ಫಿಟ್ ಮಾಡಿದರು. ಆರು ತಿಂಗಳ ಮೇಲೆ ಮತ್ತೆ ಮಾಡಿಸಿದರೂ ಪಾಸಿಟಿವ್ ಇದೆ. ಮೂರು ತಿಂಗಳು ನೆಲನೆಲ್ಲಿ ಪುಡಿ ತಿಂದರೆ ನೆಗೆಟಿವ್ ಆಗುತ್ತದೆ ಎಂದು ಏಜೆಂಟ್ ಹೇಳುತ್ತಾನೆ. ಅಮ್ಮ ಅವನ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಏನು ಮಾಡಲಿ?
– ಅಕ್ಕ, ಉಡುಪಿ ಜಿಲ್ಲೆ

ಉತ್ತರ: ತಟ್ಟೆ, ಲೋಟ ಇವತ್ತೇ ಒಟ್ಟಿಗೆ ಇಡಿ. ಜೊತೆಗೆ ಊಟ ಮಾಡಿದರೆ, ತಬ್ಬಿಕೊಂಡರೆ ಬಿ ಬರುವುದಿಲ್ಲ. ಬೇರೆ ಇಡಬೇಕಾದ್ದು ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿಸುವ ಬ್ಲೇಡು.

ನೆಲನೆಲ್ಲಿಯ ಕಥೆ ಸ್ವಾರಸ್ಯವಾಗಿದೆ. 1988ರಲ್ಲಿ ಮದರಾಸಿನ ತಂಡವೊಂದು ಅದನ್ನು ಬಿ ಇರುವವರಿಗೆ ಕೊಟ್ಟು, ಒಳ್ಳೆಯ ಫಲ ಬಂತು ಎಂದು ಬರೆಯಿತು. ಬಿ ವೈರಸ್ಸನ್ನು ಕಂಡುಹಿಡಿದು ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಕೂಡ ಆ ಲೇಖನದ ಒಬ್ಬ ಲೇಖಕರು. ಆಮೇಲೆ ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಏಜೆಂಟ್ ಇಷ್ಟೆಲ್ಲ ಓದಿರಲಾರ. ಎಚ್‌ಬಿಎಸ್‌ಎಜಿ ಮೂರು ತಿಂಗಳಲ್ಲಿ ಹೋಗುವಂಥದ್ದಲ್ಲ. ಪುಡಿಗೆ ದುಡ್ಡು ಸುರಿಯಬೇಡಿ.

ತಮ್ಮನನ್ನು ಜಿಲ್ಲಾಸ್ಪತ್ರೆಗೆ ಕಳಿಸಿ. ವೈರಸ್ ಎಷ್ಟಿದೆ, ಲಿವರ್‌ಗೆ ಪೆಟ್ಟಾಗಿದೆಯೇ ಎಂದು ನೋಡುತ್ತಾರೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ ಟೆನೋಫೋವಿರ್ ಅಲ್ಲೇ ಉಚಿತ. ಆರಾರು ತಿಂಗಳಿಗೆ ತೋರಿಸುವುದನ್ನು ಮಾತ್ರ ಬಿಡಬಾರದು. ಗಲ್ಫ್ ನಿಯಮ ನಾನು ಬದಲಿಸಲಾರೆ, ಬೇಜಾರಿದೆ. ಊರಲ್ಲಿ ಯಾವ ಕೆಲಸ ಮಾಡಲೂ ಅವನಿಗೆ ಅಡ್ಡಿಯಿಲ್ಲ.

ಇನ್ನು ಮನೆಯವರು. ದೊಡ್ಡವರಾದ ಮೇಲೆ ಬಿ ತಗುಲಿದರೆ ನೂರಕ್ಕೆ ತೊಂಬತ್ತೈದು ಜನರಲ್ಲಿ ಅದು ತಾನೇ ಹೋಗುತ್ತದೆ. ಹುಟ್ಟುವಾಗ ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಉಳಿದುಬಿಡುತ್ತದೆ. ಹಾಗಾಗಿ ತಮ್ಮನಿಗೆ ಇದು ಹುಟ್ಟುವಾಗಲೋ ಚಿಕ್ಕಂದಿನಲ್ಲೋ ಬಂದಿರುವ ಸಾಧ್ಯತೆಯೇ ಜಾಸ್ತಿ. ಅವನು ಹುಟ್ಟಿದಾಗ ಬಿ ಲಸಿಕೆ ಇನ್ನೂ ದೇಶದ ಎಲ್ಲ ಮಕ್ಕಳಿಗೆ ಸಿಗುತ್ತಿರಲಿಲ್ಲ. ಆದ್ದರಿಂದ ಮೊದಲು ಅಮ್ಮನ ಪರೀಕ್ಷೆ ಮಾಡಿಸಿ, ಆಮೇಲೆ ನಿಮ್ಮದು, ನಿಮ್ಮ ಮಕ್ಕಳದು. ಬಿ ಇಲ್ಲದವರಿಗೆ ಮೂರು ಡೋಸ್ ಲಸಿಕೆ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಅಮ್ಮನಿಗೆ ವಿಷಯ ಹೇಳುವಾಗ ತಟ್ಟೆಯ ಮಾತು ಎತ್ತಬೇಡಿ. ಪಾಸಿಟಿವ್ ಬಂದರೆ ಅವರಿಗೂ ಅದೇ ಆಸ್ಪತ್ರೆ, ಅದೇ ಉಚಿತ ಔಷಧಿ.