ಆಸ್ಟ್ರೇಲಿಯಾದಲ್ಲಿ ನೀರಾವರಿ ನೀರನ್ನು ಮಾರುತ್ತಾರಂತೆ. ಅದರ ಬೆಲೆಯನ್ನು ಏರಿಸಿ ಇಳಿಸುವುದು ಏನು?

ಮುಖ್ಯವಾಗಿ ಮಳೆ, ಅಂದರೆ ಆ ವರ್ಷ ಅಣೆಕಟ್ಟುಗಳಲ್ಲಿ ನಿಂತ ನೀರು. ಮರ್ರೆ-ಡಾರ್ಲಿಂಗ್ ನದಿ ಕಣಿವೆಯಲ್ಲಿ ಮಾರಾಟವಾಗುವುದು ಎರಡು ಬಗೆಯ ಸರಕು: ಶಾಶ್ವತ ಹಕ್ಕು ಮತ್ತು ಆ ಹಕ್ಕಿಗೆ ವರ್ಷವರ್ಷವೂ ಹಂಚಿಕೆಯಾಗುವ ನೀರು. ಹಕ್ಕನ್ನು ಕೊಳ್ಳುವವರು ಮುಂದಿನ ಹತ್ತಾರು ವರ್ಷ ನೋಡುತ್ತಾರೆ, ಹಾಗಾಗಿ ಅದರ ಬೆಲೆ ನಿಧಾನ. ಕುಣಿದಾಡುವುದು ಹಂಚಿಕೆಯ ನೀರಿನ ಬೆಲೆ. 2007ರ ಬರಗಾಲದಲ್ಲಿ ಹತ್ತು ಲಕ್ಷ ಲೀಟರಿಗೆ ಸಾವಿರ ಡಾಲರ್ ದಾಟಿದ್ದು, 2010–11ರ ಭಾರಿ ಮಳೆಯ ನಂತರ ನೂರರೊಳಗೆ ಇಳಿಯಿತು.

ಅಷ್ಟು ಏರುವುದೇಕೆ? ಕಾರ್ಕಳದ ಕಡೆಯ ಒಬ್ಬ ಕೃಷಿಕರನ್ನು ನೆನೆಯಿರಿ. ನೀರಿಲ್ಲದಿದ್ದರೆ ಬೇಸಿಗೆಯ ಕೊಳಕೆ ಭತ್ತದ ಗದ್ದೆಯನ್ನು ಹಡಿಲು ಬಿಡಬಹುದು. ನಷ್ಟ ಒಂದು ಬೆಳೆಯದು. ಅಡಿಕೆ ತೋಟ ಒಣಗಿದರೆ ಹೊಸ ಸಸಿ ಫಲ ಕೊಡಲು ಐದಾರು ವರ್ಷ ಕಾಯಬೇಕು. ಆಸ್ಟ್ರೇಲಿಯಾದಲ್ಲಿ ಗದ್ದೆಯ ಜಾಗದಲ್ಲಿರುವುದೂ ಭತ್ತವೇ, ಅಡಿಕೆಯ ಜಾಗದಲ್ಲಿ ಬಾದಾಮಿ. ಬರ ಬಂದರೆ ಭತ್ತದವರು ಬಿತ್ತನೆ ಬಿಟ್ಟು ನೀರು ಮಾರುತ್ತಾರೆ, ಬಾದಾಮಿಯವರು ಮರ ಉಳಿಸಿಕೊಳ್ಳಲು ಕೇಳಿದಷ್ಟು ಕೊಡುತ್ತಾರೆ. ಬಾದಾಮಿ ತೋಟ ಹೆಚ್ಚಿದಷ್ಟೂ ಕಾಯಲಾರದ ಗಿರಾಕಿಗಳು ಹೆಚ್ಚು, ಬರಗಾಲದ ದರವೂ ಹೆಚ್ಚು.

ಜಾಗವೂ ಲೆಕ್ಕಕ್ಕೆ ಬರುತ್ತದೆ. ಮರ್ರೆ ನದಿ ಬಾರ್ಮಾ ಎಂಬಲ್ಲಿ ಕಿರಿದಾಗುವುದರಿಂದ ಅದರಾಚೆಗೆ ಬೇಕಾದಷ್ಟು ನೀರು ಸಾಗಿಸಲಾಗದು. ಬರದಲ್ಲಿ ಕೆಳಗಿನವರಿಗೆ ದರ ಹೆಚ್ಚು ಬೀಳುತ್ತದೆ.

ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಏರುವ ಟ್ಯಾಂಕರ್ ದರವನ್ನು ಇದಕ್ಕೆ ಹೋಲಿಸಬೇಡಿ. ಅಲ್ಲಿ ನೀವು ಕೊಡುವುದರಲ್ಲಿ ದೊಡ್ಡ ಪಾಲು ಲಾರಿ, ಡೀಸೆಲಿನದು.