ಮೂರು ತಿಂಗಳು ಕಾಯಬೇಡಿ, ಸೂಪರ್‌ವೈಸರ್‌ಗೆ ಈಗಲೇ ಹೇಳಿ

ಪ್ರಶ್ನೆ: ನನಗೀಗ ಎರಡು ತಿಂಗಳು. ಅಂಧೇರಿಯ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಸೋಲ್ಡರಿಂಗ್ ಕೆಲಸ, ಸೇರಿ ನಾಲ್ಕು ತಿಂಗಳಾಯಿತು. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬೇಡ ಅಂತಾರೆ ಅತ್ತೆ. ವರ್ಷ ತುಂಬದವರಿಗೆ ಹೆರಿಗೆ ರಜೆಯೇ ಇಲ್ಲ ಅಂತಾರೆ ಜೊತೆಯವರು. ಸದ್ಯಕ್ಕೆ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದೇನೆ. ಸಾಕಾ?
– ಓದುಗರೊಬ್ಬರು, ಡೊಂಬಿವಲಿ

ಸಾಲದು ತಂಗಿ. ನೀವು ಹೆದರಿರುವುದು ಹೊಗೆಗೆ. ಆ ಹೊಗೆ ಹೆಚ್ಚಾಗಿ ಫ್ಲಕ್ಸ್‌ನದು, ಅಂದರೆ ಬೆಸುಗೆ ಹಿಡಿಯಲೆಂದು ತಂತಿಯೊಳಗೆ ತುಂಬಿರುವ ರಾಳದಂಥ ವಸ್ತುವಿನದು. ಅದೂ ಒಳ್ಳೆಯದಲ್ಲ, ಉಬ್ಬಸ ತರಿಸುತ್ತದೆ, ಕರ್ಚೀಫ್ ಅದನ್ನು ತಡೆಯುವುದೂ ಇಲ್ಲ. ಮೇಜಿನ ಹತ್ತಿರವೇ ಹೊಗೆ ಎಳೆಯುವ ಫ್ಯಾನ್ ಇರಬೇಕು. ಆದರೆ ನಿಜವಾಗಿ ಹೆದರಬೇಕಾದ್ದು ಸೋಲ್ಡರ್ ತಂತಿಯಲ್ಲಿರಬಹುದಾದ ಸೀಸಕ್ಕೆ (ಲೆಡ್). ಅದು ಒಳಗೆ ಹೋಗುವುದು ಜಾಸ್ತಿ ಕೈಯಿಂದ. ತಂತಿ ಹಿಡಿದ ಬೆರಳಲ್ಲೇ ಡಬ್ಬಿ ತೆರೆದು ಚಪಾತಿ ಮುರಿಯುತ್ತೀರಲ್ಲ, ಅಲ್ಲಿ.

ನಮ್ಮ ಹಳೆಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವರ ಬೆರಳ ತುದಿ ಯಾವಾಗಲೂ ಬೂದಿ ಬಣ್ಣ. ಆ ಮೊಳೆಗಳೂ ಸೀಸದವೇ. ಮಧ್ಯಾಹ್ನ ಅದೇ ಕೈಯಲ್ಲಿ ಅವಲಕ್ಕಿ ಹಂಚಿಕೊಂಡು ತಿನ್ನುತ್ತಿದ್ದೆವು. ಹೇಳುವವರು ಯಾರೂ ಇರಲಿಲ್ಲ.

ರೀಲಿನ ಲೇಬಲ್ ನೋಡಿ. 60/40 ಅಥವಾ 63/37 ಅಂತಿದ್ದರೆ ಮೊದಲ ಅಂಕಿ ತವರ, ಎರಡನೆಯದು ಸೀಸ. ತಾಯಿಯ ರಕ್ತಕ್ಕೆ ಸೇರಿದ ಸೀಸವನ್ನು ಗರ್ಭಕೋಶ ತಡೆಯುವುದಿಲ್ಲ, ಮಗುವಿನ ಮಿದುಳಿಗೆ ಅದು ಕೆಟ್ಟದ್ದು. ಮೂಳೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಸೀಸವೂ ಬಸುರಿನಲ್ಲಿ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ಡಾಕ್ಟರ ಹತ್ತಿರ ನಿಮ್ಮ ಕೆಲಸ ಏನು ಅಂತ ಬಿಡಿಸಿ ಹೇಳಿ, ರಕ್ತದಲ್ಲಿ ಸೀಸ ಎಷ್ಟಿದೆ ಎಂಬ ಪರೀಕ್ಷೆ ಕೇಳಿ. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ, ಸುಮ್ನೆ ನೀರು ತಾಗಿಸಿದರೆ ಆಗದು. ಕೆಲಸದ ಬಟ್ಟೆ ಬೇರೆ ಒಗೆಯಿರಿ. ಹಾಲು, ರಾಗಿ (ಇಲ್ಲಿಯವರ ನಾಚಣಿ) ಬಿಡಬೇಡಿ. ಕ್ಯಾಲ್ಸಿಯಂ, ಕಬ್ಬಿಣ ಕಡಿಮೆಯಾದರೆ ಮೈ ಸೀಸವನ್ನು ಜಾಸ್ತಿ ಹೀರುತ್ತದೆ.

ಇನ್ನು ಅತ್ತೆಯವರ ಮಾತು. ದೃಷ್ಟಿಯಾದೀತು ಅಂತ ನಮ್ಮಮ್ಮನೂ ಹೇಳುತ್ತಿದ್ದಳು. ಆದರೆ ಮಗುವಿನ ಅಂಗಾಂಗ ಮೂಡುವುದು ಇದೇ ಮೂರು ತಿಂಗಳಲ್ಲಿ. ಐದನೇ ತಿಂಗಳಲ್ಲಿ ಹೇಳಿ ಮೇಜು ಬದಲಾಯಿಸಿಕೊಂಡು ಏನು ಬಂತು? ಬಿಲ್ಡಿಂಗಿನವರಿಗೆ, ಸಂಘದವರಿಗೆ ಹೇಳಬೇಡಿ, ಅತ್ತೆಯ ಮಾತು ನಡೆಯಲಿ. ಸೂಪರ್‌ವೈಸರ್‌ಗೆ ಈ ವಾರವೇ ಹೇಳಿ. ಪ್ಯಾಕಿಂಗೋ, ಟೆಸ್ಟಿಂಗೋ, ಸೀಸ ಮುಟ್ಟದ ಮೇಜು ಕೇಳಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಅರ್ಜಿ ಬರೆದು ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ.

ವರ್ಷದ ಮಾತು ಸುಳ್ಳು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೇಳಿದ್ದು ಹೆರಿಗೆ ದಿನದ ಹಿಂದಿನ 12 ತಿಂಗಳಲ್ಲಿ 80 ದಿನದ ಕೆಲಸ, ಅಷ್ಟೇ. ಸಂಬಳದ ಸ್ಲಿಪ್ಪಿನಲ್ಲಿ ಇಎಸ್‌ಐ (ಸರಕಾರದ ನೌಕರರ ವಿಮೆ) ಕಡಿತ ಇದ್ದರೆ ಲೆಕ್ಕ ಬೇರೆ, ಅಲ್ಲಿ 70 ದಿನದ ಕಂತು ಬೇಕು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ರಜೆ 26 ವಾರ, ಅದರಲ್ಲಿ ಹೆಚ್ಚೆಂದರೆ 8 ವಾರ ಹೆರಿಗೆಗೆ ಮುಂಚೆ. ಬಸುರಿ ಅಂತ ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ.

ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋ ಹಿಡಿಯುವವರು ನೀವು ಅಂತ ಕಾಣುತ್ತದೆ. ಬೆಳಗಿನ ಲೇಡೀಸ್ ಡಬ್ಬಿಯ ನೂಕಾಟ ನನಗೂ ಗೊತ್ತು. ಲೋಕಲ್‌ನ ದಿವ್ಯಾಂಗರ ಡಬ್ಬಿಗೆ ಬಸುರಿಯರೂ ಹತ್ತಬಹುದು. ಡಾಕ್ಟರ ಚೀಟಿ ಪರ್ಸಿನಲ್ಲಿರಲಿ. ಹೊಟ್ಟೆ ಕಾಣದ ತಿಂಗಳಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.