ಸ್ಮಶಾನಕ್ಕೆ ಹೂವು ನೋಡಲು ಹೋಗಬಹುದಾ?

ಪ್ರಶ್ನೆ: ಮಗಳ ಬಾಣಂತನಕ್ಕೆ ಅಂತ ಬಾಸ್ಟನ್‌ಗೆ ಬಂದಿದ್ದೇನೆ. ಹತ್ತಿರದ ಮೌಂಟ್ ಆಬರ್ನ್‌ನಲ್ಲಿ ಹೂವು ತುಂಬಾ ಚೆನ್ನಾಗಿರುತ್ತೆ, ಬನ್ನಿ ಅಂತ ಅಳಿಯಂದಿರು ಕರೆಯುತ್ತಿದ್ದಾರೆ. ಅದು ಸ್ಮಶಾನವಂತೆ! ಹೋಗಬಹುದಾ? ಹೋದರೆ ಯಾವಾಗ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಹೋಗಿ ಅಮ್ಮಾ. ಸ್ಮಶಾನದಿಂದ ಬಂದರೆ ಸ್ನಾನ ಮಾಡದೆ ಒಳಗೆ ಬಾರದವರು ನಾವು, ಮನೆಯಲ್ಲಿ ಹಸುಗೂಸು ಬೇರೆ. ಮನಸ್ಸಿಗೆ ಸಮಾಧಾನ ಬೇಕಾದರೆ ಬಂದು ಸ್ನಾನ ಮಾಡಿ, ಅಷ್ಟೇ. ಆ ಜಾಗವನ್ನು ಮಾಡಿದ್ದೇ ತೋಟದ ಹಾಗೆ ಇರಲಿ ಅಂತ. ಬಾಸ್ಟನ್ ಊರೊಳಗಿನ ಸ್ಮಶಾನಗಳೆಲ್ಲ ತುಂಬಿ, ಹೂಳಲು ಜಾಗವೇ ಇಲ್ಲದಂತಾದಾಗ ಜೇಕಬ್ ಬಿಗೆಲೋ ಎಂಬ ವೈದ್ಯರು (ಗಿಡಗಳ ಬಗ್ಗೆಯೂ ಚೆನ್ನಾಗಿ ಓದಿಕೊಂಡಿದ್ದವರು) ಅಲ್ಲಿನ ತೋಟಗಾರಿಕೆ ಸಂಘದ ಜೊತೆ ಸೇರಿ 1831ರಲ್ಲಿ ಊರಾಚೆ ಗುಡ್ಡ, ಕೊಳ, ಮರಗಳ ನಡುವೆ ಇದನ್ನು ಶುರು ಮಾಡಿದರು. ಈಗ ಸುಮಾರು 175 ಎಕರೆ ಇದೆ.

ಒಂದೇ ಸಲ ಹೋಗುವುದಾದರೆ ಮೇ ಮೊದಲ ಎರಡು ವಾರ ನೋಡಿಕೊಳ್ಳಿ. ಅದಕ್ಕೂ ಮುಂಚೆ ಹೋದರೆ, ಏಪ್ರಿಲ್‌ನಲ್ಲಿ ಫೋರ್ಸಿಥಿಯಾ ಪೊದೆಗಳು ಒಂದು ಎಲೆಯೂ ಇಲ್ಲದೆ ಬುಡದಿಂದ ತುದಿವರೆಗೆ ಹಳದಿಯಾಗಿರುತ್ತವೆ. ಹೋದ ಬೇಸಿಗೆಯಲ್ಲೇ ಕೂತ ಮೊಗ್ಗುಗಳವು, ಚಳಿಗಾಲವಿಡೀ ಕಾದು ಬಿಸಿಲು ಬಿದ್ದ ಕೂಡಲೇ ಬಿರಿಯುತ್ತವೆ. ಆಮೇಲೆ ರೆಡ್‌ಬಡ್ ಮರ. ಇದನ್ನು ಮಾತ್ರ ಹತ್ತಿರ ಹೋಗಿ ನೋಡಿ. ನಮ್ಮ ಹಲಸು ಕಾಂಡಕ್ಕೇ ಕಾಯಿ ಬಿಡುತ್ತಲ್ವಾ, ಹಾಗೆ ಇದು ಒರಟು ತೊಗಟೆಯಿಂದಲೇ ಗುಲಾಬಿ ಬಣ್ಣದ ಹೂವಿನ ಗೊಂಚಲು ಹೊರಡಿಸುತ್ತದೆ, ಒಂದೊಂದು ಹೂವೂ ಅವರೆ ಹೂವಿನ ಪುಟ್ಟ ತಂಗಿಯಂತೆ! ಮೇ ತಿಂಗಳಲ್ಲಿ ಡಾಗ್‌ವುಡ್ ಮರ ಅರಳುತ್ತದೆ. ಅದರ ನಾಲ್ಕು ಬಿಳಿ ಎಸಳುಗಳು ನಿಜವಾಗಿ ಎಸಳಲ್ಲ, ನಮ್ಮ ಕಾಗದದ ಹೂವಿನ ಹಾಗೆ ಬಣ್ಣ ಬಂದ ಎಲೆಗಳು. ನಿಜವಾದ ಹೂವು ನಡುವೆ ಸಾಸಿವೆ ಕಾಳಿನಂತೆ ಗುಂಪಾಗಿ ಕೂತಿರುತ್ತದೆ. ಹಾಲ್ಸಿಯನ್ ಕೊಳದ ದಂಡೆಯ ಅಜೇಲಿಯಾ ಪೊದೆಗಳನ್ನೂ ಬಿಡಬೇಡಿ. ಅಮೆರಿಕದ ದೊಡ್ಡ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಅವರ ಸಮಾಧಿಯೂ ಇಲ್ಲೇ ಇದೆ, ನನಗಂತೂ ಅದು ತುಂಬಾ ಸರಿಯಾದ ಜಾಗ ಅನ್ನಿಸುತ್ತದೆ.

ದೇವರಿಗೆ ಅಂತ ಒಂದು ಹೂವು ಕೀಳಲು ಕೈ ಹೋಗುತ್ತದೆ, ದಯವಿಟ್ಟು ಬೇಡ. ಬುತ್ತಿ ಬಿಚ್ಚಿ ಊಟಕ್ಕೆ ಕೂರುವಂತೆಯೂ ಇಲ್ಲ. ಅಲ್ಲಿ ಇವತ್ತಿಗೂ ಹೂಳುತ್ತಾರೆ, ಯಾರನ್ನಾದರೂ ಕಳಿಸಿಕೊಡಲು ಬಂದವರು ಎದುರಾದರೆ ಪಕ್ಕಕ್ಕೆ ಸರಿದು ಸುಮ್ನೆ ನಿಂತುಕೊಳ್ಳಿ, ಅವರು ದಾಟಿದ ಮೇಲೆ ನಡೆಯಿರಿ.